ಜರ್ಮನ್ ಸ್ನಾತಕೋತ್ತರ ಅಧ್ಯಯನ: ಭಾಷೆ ಬಂದರಷ್ಟೇ ಸಾಲದು

ಜರ್ಮನಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಎಂಜಿನಿಯರಿಂಗ್ ನೆನಪಾಗುವುದು ಸಹಜ. ಆದರೆ ಜರ್ಮನ್ ಭಾಷೆಯನ್ನೇ, ಆ ಸಾಹಿತ್ಯವನ್ನೇ ವಿಷಯವಾಗಿ ಆಯ್ದುಕೊಂಡು ಎಂ.ಎ. ಅಥವಾ ಪಿಎಚ್.ಡಿ. ಮಾಡಬೇಕೆನ್ನುವವರೂ ಇದ್ದಾರೆ. ಅಧ್ಯಾಪನ, ಅನುವಾದ, ಪ್ರಕಾಶನ, ಬಹುರಾಷ್ಟ್ರೀಯ ಸಂಸ್ಥೆಗಳ ಭಾಷಾ ವಿಭಾಗ ಹೀಗೆ ಹಲವು ದಾರಿಗಳು ಅವರ ಕಣ್ಣ ಮುಂದಿರುತ್ತವೆ. ಇಂತಹವರಲ್ಲಿ ಅನೇಕರು ಎಡವುವುದು ಒಂದೇ ಕಡೆ. ಭಾಷಾ ತರಗತಿಯ ಪ್ರಮಾಣಪತ್ರವನ್ನೇ ಅವರು ಸ್ನಾತಕೋತ್ತರ ಪ್ರವೇಶದ ಅರ್ಹತೆ ಎಂದು ಭಾವಿಸುತ್ತಾರೆ.

ವಾಸ್ತವದಲ್ಲಿ ಈ ವ್ಯಾಸಂಗಕ್ಕೆ ಮೂರು ಬಾಗಿಲುಗಳಿವೆ. ಮೊದಲನೆಯದು ಪದವಿಯ ವಿಷಯ, ಎರಡನೆಯದು ಭಾಷೆಯ ಮಟ್ಟ, ಮೂರನೆಯದು ಹಣ. ಒಂದು ತೆರೆದರೆ ಉಳಿದೆರಡು ತಾವಾಗಿಯೇ ತೆರೆಯುವುದಿಲ್ಲ. ವಾಣಿಜ್ಯ ಪದವೀಧರರೊಬ್ಬರು ಎರಡು ವರ್ಷ ಶ್ರಮಿಸಿ ಬಿ2 ಹಂತ ಮುಗಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಅವರು ಬ್ಯಾಂಕ್ ಸಾಲಕ್ಕೆ ಸಹಿ ಹಾಕಿ ಜರ್ಮನಿಯ ವಿಶ್ವವಿದ್ಯಾಲಯವೊಂದರ ಜರ್ಮನ್ ಎಂ.ಎ.ಗೆ ಅರ್ಜಿ ಸಲ್ಲಿಸಿದರೆ, ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು. ಪದವಿಯಲ್ಲಿ ಜರ್ಮನ್ ವಿಷಯವಿಲ್ಲ, ಭಾಷೆಯೂ ಒಂದು ಹಂತ ಕಡಿಮೆ ಎಂಬುದು ಅದಕ್ಕೆ ಕಾರಣ. ಆದ್ದರಿಂದ ನಿಯಮಗಳನ್ನು ಮೊದಲೇ ಅರಿತಿರುವುದು ಲೇಸು.

ಭಾಷೆಯ ಮಟ್ಟ ಎಷ್ಟಿರಬೇಕು?

ಯುರೋಪಿನ ಸಾಮಾನ್ಯ ಮಾನದಂಡದಂತೆ ಭಾಷಾ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಾಗಿ ವಿಂಗಡಿಸಲಾಗಿದೆ. ಜರ್ಮನ್ ಮಾಧ್ಯಮದಲ್ಲಿ ಬೋಧಿಸುವ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುವುದು ಸಿ1 ಹಂತ. ಡಿಎಸ್‌ಎಚ್ ಪರೀಕ್ಷೆಯಲ್ಲಿ ಎರಡನೇ ಶ್ರೇಣಿ, ಇಲ್ಲವೇ ಟೆಸ್ಟ್‌ಡಾಫ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ 4ನೇ ಮಟ್ಟ ಪಡೆದರೂ ಸಾಕಾಗುತ್ತದೆ. ಆದರೆ ಜರ್ಮನ್ ಸಾಹಿತ್ಯವೇ ವಿಷಯವಾದಾಗ ಕೆಲವು ವಿಭಾಗಗಳು ಇನ್ನೂ ಮೇಲಿನ ಹಂತವನ್ನು, ಅಂದರೆ ಡಿಎಸ್‌ಎಚ್ ಮೂರನೇ ಶ್ರೇಣಿ ಅಥವಾ ಸಿ2 ಪ್ರಮಾಣಪತ್ರವನ್ನು ಕೇಳುತ್ತವೆ.

ಸಿ1 ತಲುಪಲು 45 ನಿಮಿಷಗಳ 800ರಿಂದ 1,000 ಪಾಠಾವಧಿಗಳು ಬೇಕು ಎಂಬುದು ಗೋಥೆ ಇನ್‌ಸ್ಟಿಟ್ಯೂಟ್‌ನ ಅಂದಾಜು. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದೇ ಹೆಸರಾದ ಈ ಸಂಸ್ಥೆಯ ತರಗತಿ ಮತ್ತು ಪರೀಕ್ಷೆಗಳು ರಾಜ್ಯದ ವಿದ್ಯಾರ್ಥಿಗಳಿಗೆ ಹತ್ತಿರದಲ್ಲೇ ದೊರೆಯುತ್ತವೆ. ನೌಕರಿಯ ಜೊತೆಗೆ ಸಂಜೆ ತರಗತಿಗೆ ಹೋಗುವವರಿಗೆ ಇಷ್ಟು ಪಾಠಾವಧಿಗಳೆಂದರೆ ಹಲವು ವರ್ಷಗಳ ಕೆಲಸ. ಆರು ತಿಂಗಳಲ್ಲಿ ಸಿ1 ಎಂಬ ಜಾಹೀರಾತುಗಳನ್ನು ಈ ಲೆಕ್ಕದೊಡನೆ ತಾಳೆ ನೋಡುವುದು ಒಳಿತು.

ಭಾರತದಲ್ಲೇ ಓದುವುದಾದರೆ

ವಿದೇಶಕ್ಕೆ ಹೋಗದೆಯೂ ಜರ್ಮನ್ ಎಂ.ಎ. ಮಾಡಬಹುದು ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಜರ್ಮನ್ ಅಧ್ಯಯನ ಕೇಂದ್ರ, ದೆಹಲಿ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಪುಣೆ ಹಾಗೂ ಮುಂಬೈ ವಿಶ್ವವಿದ್ಯಾಲಯಗಳು ಈ ದಿಸೆಯಲ್ಲಿ ಹೆಸರಾದವು. ಬೆಂಗಳೂರಿನವರಿಗೆ ಹೈದರಾಬಾದ್, ಬೆಳಗಾವಿ-ಹುಬ್ಬಳ್ಳಿಯವರಿಗೆ ಪುಣೆ ಒಂದು ರಾತ್ರಿಯ ಪ್ರಯಾಣದಷ್ಟೇ ದೂರ.

ಎರಡು ವರ್ಷದ ಈ ಎಂ.ಎ. ನಾಲ್ಕು ಸೆಮಿಸ್ಟರ್‌ಗಳದು. ಸಾಹಿತ್ಯ, ಭಾಷಾವಿಜ್ಞಾನ, ಅನುವಾದ, ಜರ್ಮನ್ ಸಮಾಜದ ಇತಿಹಾಸ ಹಾಗೂ ಬೋಧನಾ ವಿಧಾನ ಪಠ್ಯಕ್ರಮದ ಮುಖ್ಯ ಅಂಗಗಳು. ಜರ್ಮನ್ ಬಿ.ಎ. ಮಾಡಿದವರಿಗೆ ಪ್ರವೇಶ ನೇರವಾಗಿ ತೆರೆದಿರುತ್ತದೆ. ಬೇರೆ ವಿಷಯದ ಪದವೀಧರರನ್ನು ನಿರ್ದಿಷ್ಟ ಮಟ್ಟದ ಭಾಷಾ ಪ್ರಮಾಣಪತ್ರದ ಆಧಾರದಲ್ಲಿ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳೂ ಇವೆ. ಮೇಲೆ ಹೇಳಿದ ವಾಣಿಜ್ಯ ಪದವೀಧರರಿಗೆ ಸರಿಹೊಂದುವ ದಾರಿ ಇದೇ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆಂದು 2022ರಲ್ಲಿ ಆರಂಭವಾದ ಸಿಯುಇಟಿ-ಪಿಜಿ ಪರೀಕ್ಷೆಯನ್ನು ಕೆಲವು ಸಂಸ್ಥೆಗಳು ಅನುಸರಿಸಿದರೆ, ಇನ್ನು ಕೆಲವು ತಮ್ಮದೇ ಪರೀಕ್ಷೆ ನಡೆಸುತ್ತವೆ. ಆದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದುವುದು ಕಡ್ಡಾಯ.

ಪಿಎಚ್.ಡಿ. ನಿಯಮಗಳು

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಎಂ.ಎ.ಯಲ್ಲಿ ಕನಿಷ್ಠ ಶೇ 55 ಅಂಕ ಪಡೆದವರು ಪಿಎಚ್.ಡಿ.ಗೆ ಅರ್ಹರು. ನಾಲ್ಕು ವರ್ಷದ ಪದವಿಯನ್ನು ಶೇ 75 ಅಂಕಗಳೊಡನೆ ಮುಗಿಸಿದವರಿಗೂ ನೇರ ಅವಕಾಶವಿದೆ. ಕರ್ನಾಟಕವು 2024-25ನೇ ಸಾಲಿನಿಂದ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ಇಲ್ಲಿನ ಹೊಸ ಪದವೀಧರರು ಎಂ.ಎ. ಮಾಡಿಯೇ ಮುಂದುವರಿಯಬೇಕಾಗುತ್ತದೆ. ಎಂ.ಫಿಲ್. ಪದವಿ ಈಗಿಲ್ಲ. ಪಿಎಚ್.ಡಿ. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಹಾಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಎರಡು ವರ್ಷಗಳ ಹೆಚ್ಚುವರಿ ಸಡಿಲಿಕೆ ದೊರೆಯಬಹುದು. ಕೋರ್ಸ್‌ವರ್ಕ್‌ನಲ್ಲಿ ಕನಿಷ್ಠ 12 ಕ್ರೆಡಿಟ್ ಗಳಿಸಿ, ಪ್ರಬಂಧ ಸಲ್ಲಿಸಿ, ಮೌಖಿಕ ಪರೀಕ್ಷೆ ಎದುರಿಸಬೇಕು.

ಹಣದ ಪ್ರಶ್ನೆಗೆ ಇಲ್ಲಿ ಉತ್ತರ ನೆಟ್ ಪರೀಕ್ಷೆ. ಜರ್ಮನ್ ಕೂಡ ನೆಟ್ ವಿಷಯಗಳಲ್ಲಿ ಒಂದು. ಕಿರಿಯ ಸಂಶೋಧನಾ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಎರಡು ವರ್ಷಗಳ ನಂತರ ಹಿರಿಯ ಶಿಷ್ಯವೇತನವಾಗಿ 42,000 ರೂಪಾಯಿ ದೊರೆಯುತ್ತದೆ. ಇದಕ್ಕೆ ಪ್ರತಿಯಾಗಿ, ನೆಟ್ ಶಿಷ್ಯವೇತನವಿಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದ ಸಂಶೋಧಕರಿಗೆ ನಿಗದಿಯಾಗಿರುವುದು ತಿಂಗಳಿಗೆ 8,000 ರೂಪಾಯಿ ಮಾತ್ರ. ಒಂದೇ ವಿಭಾಗದಲ್ಲಿ ಅಕ್ಕಪಕ್ಕ ಕುಳಿತ ಇಬ್ಬರ ಬದುಕನ್ನು ಈ ಅಂತರವೇ ನಿರ್ಧರಿಸಿಬಿಡುತ್ತದೆ. ಶಿಷ್ಯವೇತನಕ್ಕೆ ಸಾಮಾನ್ಯ ವಯೋಮಿತಿ 30 ವರ್ಷ. ಮಹಿಳೆಯರಿಗೆ ಹಾಗೂ ಮೀಸಲು ವರ್ಗದವರಿಗೆ ಐದು ವರ್ಷಗಳ ರಿಯಾಯಿತಿ ಉಂಟು. 2024ರ ಜೂನ್ ಪರೀಕ್ಷೆಯಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕ ಬಳಕೆಯಾಗುತ್ತಿದ್ದು, ಶಿಷ್ಯವೇತನಕ್ಕೆ ಆಯ್ಕೆಯಾಗದವರ ಅಂಕಗಳು ಒಂದು ವರ್ಷದವರೆಗೆ ಮಾತ್ರ ಪ್ರವೇಶಕ್ಕೆ ಮಾನ್ಯ.

ಜರ್ಮನಿಯ ಎಂ.ಎ.: ಎರಡು ಬಗೆ

ಜರ್ಮನಿಯಲ್ಲಿ ಈ ವಿಷಯ ಎರಡು ಹೆಸರುಗಳಲ್ಲಿ ದೊರೆಯುತ್ತದೆ. 'ಗೆರ್ಮಾನಿಸ್ಟಿಕ್' ಎಂದರೆ ಜರ್ಮನ್ ಸಾಹಿತ್ಯ ಮತ್ತು ಭಾಷೆಯ ಶಾಸ್ತ್ರೀಯ ಅಧ್ಯಯನ. ಮಧ್ಯಯುಗದ ಜರ್ಮನ್ ಪಠ್ಯಗಳೂ ಇದರ ಭಾಗ. ಜರ್ಮನ್ನರೇ ಬಹುಸಂಖ್ಯೆಯಲ್ಲಿರುವ ತರಗತಿಯಲ್ಲಿ ಅವರ ಸಮಕ್ಕೆ ಬರೆಯಬೇಕಾಗುತ್ತದೆ. 'ವಿದೇಶಿ ಭಾಷೆಯಾಗಿ ಜರ್ಮನ್' ಎಂಬ ಇನ್ನೊಂದು ಬಗೆಯು ಜರ್ಮನ್ ಕಲಿಸುವ ವೃತ್ತಿ ಬಯಸುವವರಿಗೆ ಹೆಚ್ಚು ಸೂಕ್ತ. ಲೈಪ್‌ಜಿಗ್ ವಿಶ್ವವಿದ್ಯಾಲಯದ ಹೆರ್ಡರ್ ಸಂಸ್ಥೆ ಈ ಕ್ಷೇತ್ರದಲ್ಲಿ ಪ್ರಸಿದ್ಧ.

ಎರಡೂ ಬಗೆಯವು ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್, 120 ಯುರೋಪಿಯನ್ ಕ್ರೆಡಿಟ್‌ಗಳ ಪದವಿಗಳು. ಕೊನೆಯ ಪ್ರಬಂಧಕ್ಕೆ 15ರಿಂದ 30 ಕ್ರೆಡಿಟ್ ಮೀಸಲು. ಪ್ರವೇಶ ಬಯಸುವವರ ಪದವಿಯಲ್ಲಿ ಜರ್ಮನ್ ಅಥವಾ ಅದಕ್ಕೆ ಹತ್ತಿರದ ಭಾಷಾ ವಿಷಯವನ್ನು ಎಷ್ಟು ಓದಿದ್ದಾರೆ ಎಂಬುದನ್ನು ಅಂಕಪಟ್ಟಿಯಿಂದಲೇ ಲೆಕ್ಕ ಹಾಕಲಾಗುತ್ತದೆ. ಮೂರು ವರ್ಷದ ಭಾರತೀಯ ಪದವಿ ಸಾಕೇ ಎಂಬುದನ್ನೂ ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಚಳಿಗಾಲದ ಅವಧಿಗೆ ಜುಲೈ 15, ಬೇಸಿಗೆ ಅವಧಿಗೆ ಜನವರಿ 15 ಎಂಬುದು ವಾಡಿಕೆಯ ಕೊನೆಯ ದಿನ. ಆದರೆ ವಿದೇಶಿ ಅಭ್ಯರ್ಥಿಗಳಿಗೆ ಇದಕ್ಕೂ ಮೊದಲೇ ಗಡುವು ನೀಡುವ ವಿಭಾಗಗಳಿವೆ.

ಭಾರತೀಯರು ಮರೆಯಬಾರದ ಮತ್ತೊಂದು ದಾಖಲೆ ಎಪಿಎಸ್ ಪ್ರಮಾಣಪತ್ರ. ಅಂಕಪಟ್ಟಿಗಳ ಸಾಚಾತನವನ್ನು ದೃಢೀಕರಿಸುವ ಈ ಪತ್ರ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರ್ 1ರಿಂದ ಕಡ್ಡಾಯವಾಗಿದೆ. ಇದರ ಶುಲ್ಕ 18,000 ರೂಪಾಯಿ. ಪತ್ರ ಕೈಸೇರಲು ತಗಲುವ ವಾರಗಳನ್ನೂ ಗಡುವಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಉಚಿತ ಶಿಕ್ಷಣ, ಆದರೆ ಖರ್ಚಿಲ್ಲದ್ದಲ್ಲ

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂತಹ ಎಂ.ಎ.ಗೆ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಪ್ರತಿ ಸೆಮಿಸ್ಟರ್‌ಗೆ ಒಂದಿಷ್ಟು ವಂತಿಗೆ ಮಾತ್ರ ಕಟ್ಟಬೇಕು. ಇದಕ್ಕೆ ದೊಡ್ಡ ಅಪವಾದ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ. ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಅದು 2017ರ ಚಳಿಗಾಲದ ಅವಧಿಯಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಹೈಡೆಲ್‌ಬರ್ಗ್, ಫ್ರೈಬರ್ಗ್, ಟ್ಯೂಬಿಂಗೆನ್ ವಿಶ್ವವಿದ್ಯಾಲಯಗಳು ಇರುವುದು ಇದೇ ರಾಜ್ಯದಲ್ಲಿ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ 1896ರಲ್ಲಿ ಡಾಕ್ಟರೇಟ್ ನೀಡಿ ಗೌರವಿಸಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯವೇ. ಆ ನಂಟಿನ ಸೆಳೆತದಿಂದ ಅಲ್ಲಿ ಎಂ.ಎ. ಸೇರಬಯಸುವವರು ಎರಡು ವರ್ಷಕ್ಕೆ 6,000 ಯೂರೋ ಶುಲ್ಕವನ್ನು ಗಣನೆಗೆ ತೆಗೆದುಕೊಳ್ಳಬೇಕು. ಪಿಎಚ್.ಡಿ. ಮಾಡುವವರಿಗೆ ಈ ಶುಲ್ಕವಿಲ್ಲ.

ನಿಜವಾದ ಹೊರೆ ಜೀವನವೆಚ್ಚದ್ದು. ವೀಸಾ ಪಡೆಯಲು ಒಂದು ವರ್ಷದ ವೆಚ್ಚವನ್ನು ಮುಂಗಡವಾಗಿ ನಿರ್ಬಂಧಿತ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ, ಅಂದರೆ ತಿಂಗಳಿಗೆ 992 ಯೂರೋಗೆ ಏರಿಸಲಾಯಿತು. ಯೂರೋಗೆ 100 ರೂಪಾಯಿಯಂತೆ ಲೆಕ್ಕ ಹಾಕಿದರೂ ಇದು ಸುಮಾರು 11.9 ಲಕ್ಷ ರೂಪಾಯಿ. ಹಣ ವಿದ್ಯಾರ್ಥಿಯದೇ ಆದರೂ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದು. ಆರೋಗ್ಯ ವಿಮೆ ಕಡ್ಡಾಯವಾಗಿದ್ದು, ಅದಕ್ಕೇ ತಿಂಗಳಿಗೆ 100 ಯೂರೋಗಿಂತ ಹೆಚ್ಚು ಬೇಕು. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇದೆ. ಆದರೆ ವೀಸಾ ಅರ್ಜಿ ಹಾಕುವಾಗ ಈ ಮುಂದಿನ ದುಡಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ವಿದ್ಯಾರ್ಥಿವೇತನಗಳಲ್ಲಿ ಡಿಎಎಡಿ ಮೊದಲನೆಯದು. ಅದರ ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 992 ಯೂರೋ. ಕೊನೆಯ ಪದವಿ ಪಡೆದು ಆರು ವರ್ಷ ಮೀರಿರಬಾರದು ಎಂಬುದು ಸಾಮಾನ್ಯ ನಿಯಮ. ವ್ಯಾಸಂಗ ಆರಂಭವಾಗುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಅರ್ಜಿ ಸಲ್ಲಿಸಬೇಕಾಗುತ್ತದೆ. ಹೈನ್ರಿಷ್ ಬೋಲ್, ಫ್ರೀಡ್ರಿಷ್ ಏಬರ್ಟ್, ಕೊನ್ರಾಡ್ ಆಡೆನವರ್ ಪ್ರತಿಷ್ಠಾನಗಳೂ ವಿದೇಶಿಯರಿಗೆ ನೆರವು ನೀಡುತ್ತವೆ. ಅವು ಒಳ್ಳೆಯ ಅಂಕಗಳ ಜೊತೆಗೆ ಸಾರ್ವಜನಿಕ ಕಾರ್ಯದಲ್ಲಿ ಆಸ್ಥೆಯನ್ನೂ ಜರ್ಮನ್ ಜ್ಞಾನವನ್ನೂ ನಿರೀಕ್ಷಿಸುತ್ತವೆ. ತಿಂಗಳಿಗೆ 300 ಯೂರೋ ನೀಡುವ 'ಡಾಯ್ಚ್‌ಲಾಂಡ್ ಸ್ಟಿಪೆಂಡಿಯುಮ್' ಕೂಡ ರಾಷ್ಟ್ರೀಯತೆಯ ಭೇದವಿಲ್ಲದೆ ಲಭ್ಯ. ಅದು ಪೂರ್ಣ ನೆರವಲ್ಲ, ಊರುಗೋಲು ಮಾತ್ರ.

ಜರ್ಮನಿಯಲ್ಲಿ ಪಿಎಚ್.ಡಿ.

ಇಲ್ಲಿ ಪ್ರವೇಶ ಪರೀಕ್ಷೆಗಿಂತ ಮಾರ್ಗದರ್ಶಕರ ಒಪ್ಪಿಗೆಯೇ ಮುಖ್ಯ. ಸಂಶೋಧನಾ ಪ್ರಸ್ತಾವವನ್ನು ಸಿದ್ಧಪಡಿಸಿ, ಆ ವಿಷಯದ ಪ್ರಾಧ್ಯಾಪಕರಿಗೆ ಬರೆಯಬೇಕು. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ಕಿಟ್ಟೆಲ್, ಮೋಗ್ಲಿಂಗ್ ಮೊದಲಾದವರು ದುಡಿದ ಬಾಸೆಲ್ ಮಿಷನ್ನಿನ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ಹತ್ತೊಂಬತ್ತನೇ ಶತಮಾನದ ಹಳೆಯ ಜರ್ಮನ್ ಕೈಬರಹವನ್ನು ಓದಬಲ್ಲ, ಕನ್ನಡವನ್ನೂ ಬಲ್ಲ ಸಂಶೋಧಕರು ವಿರಳ. ಇಂತಹ ವಿಷಯ ಹಿಡಿದವರ ಪ್ರಸ್ತಾವ ಗುಂಪಿನಲ್ಲಿ ಕಳೆದುಹೋಗುವುದಿಲ್ಲ.

ಅವಧಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ವಿಭಾಗದಲ್ಲಿ ಸಂಶೋಧನಾ ಸಹಾಯಕ ಹುದ್ದೆ ದೊರೆತರೆ ಸಂಬಳ ಬರುತ್ತದೆ. ಆದರೆ ಮಾನವಿಕ ವಿಷಯಗಳಲ್ಲಿ ಇಂತಹ ಹುದ್ದೆಗಳು ಬಹುಮಟ್ಟಿಗೆ ಅರೆಕಾಲಿಕ. ಪ್ರಬಂಧ ಸಲ್ಲಿಸಿ ಮೌಖಿಕ ಸಮರ್ಥನೆ ಮುಗಿಸಿದರೂ ಕೆಲಸ ಮುಗಿಯುವುದಿಲ್ಲ. ಪ್ರಬಂಧ ಪ್ರಕಟವಾದ ನಂತರವೇ 'ಡಾಕ್ಟರ್' ಎಂದು ಹೆಸರಿನ ಹಿಂದೆ ಬರೆದುಕೊಳ್ಳುವ ಹಕ್ಕು ಬರುವುದು ಅಲ್ಲಿನ ಪದ್ಧತಿ.

ಅಮೆರಿಕದ ದಾರಿ

ಅಮೆರಿಕದ ವಿಶ್ವವಿದ್ಯಾಲಯಗಳ ಜರ್ಮನ್ ಪಿಎಚ್.ಡಿ. ಐದಾರು ವರ್ಷಗಳದು. ಪ್ರವೇಶ ಪಡೆದವರಿಗೆ ಶುಲ್ಕ ಮನ್ನಾ ಮಾಡಿ ಶಿಷ್ಯವೇತನ ಕೊಡುವುದು ಪ್ರಮುಖ ವಿಶ್ವವಿದ್ಯಾಲಯಗಳ ವಾಡಿಕೆ. ಪ್ರತಿಯಾಗಿ ಪದವಿ ವಿದ್ಯಾರ್ಥಿಗಳಿಗೆ ಜರ್ಮನ್ ಕಲಿಸಬೇಕು. ಅರ್ಜಿಯೊಂದಿಗೆ ಶೈಕ್ಷಣಿಕ ಬರಹದ ಮಾದರಿ, ಶಿಫಾರಸು ಪತ್ರಗಳು ಅಗತ್ಯ. ಕೋರ್ಸ್‌ಗಳು, ಓದುಪಟ್ಟಿಯನ್ನಾಧರಿಸಿದ ಅರ್ಹತಾ ಪರೀಕ್ಷೆ, ಬಹಳಷ್ಟು ಕಡೆ ಮತ್ತೊಂದು ಭಾಷೆಯ ಓದುವ ಜ್ಞಾನ, ಕೊನೆಗೆ ಪ್ರಬಂಧ ಹೀಗೆ ಹಂತಗಳಿರುತ್ತವೆ.

ಆದರೆ ಈ ಬಾಗಿಲು ಕಿರಿದಾಗುತ್ತಿದೆ. ಷಿಕಾಗೊ ವಿಶ್ವವಿದ್ಯಾಲಯದ ಕಲೆ ಮತ್ತು ಮಾನವಿಕ ನಿಕಾಯವು 2026-27ನೇ ಸಾಲಿಗೆ ತನ್ನ ಬಹುತೇಕ ಪಿಎಚ್.ಡಿ. ವಿಭಾಗಗಳಲ್ಲಿ ಹೊಸ ಪ್ರವೇಶ ಇರುವುದಿಲ್ಲವೆಂದು 2025ರಲ್ಲಿ ಪ್ರಕಟಿಸಿತು. ಒಂದೇ ದೇಶವನ್ನು ನೆಚ್ಚಿ ಕೂರುವುದು ಅಪಾಯಕರ ಎಂಬುದಕ್ಕೆ ಇದೇ ನಿದರ್ಶನ.

ಮೊದಲು ಮಾಡಬೇಕಾದ್ದು

ಆಸಕ್ತರು ಭಾಷಾ ತರಗತಿಯ ಮುಂದಿನ ಹಂತಕ್ಕೆ ಹಣ ಕಟ್ಟುವ ಮುನ್ನವೇ ತಾವು ಸೇರಬಯಸುವ ಎರಡು-ಮೂರು ವಿಭಾಗಗಳ ನಿಯಮಾವಳಿ ಓದಿ, ತಮ್ಮ ಪದವಿಯ ವಿಷಯ ಅಲ್ಲಿ ಸಲ್ಲುತ್ತದೆಯೇ ಎಂದು ನೇರವಾಗಿ ವಿಭಾಗಕ್ಕೇ ಪತ್ರ ಬರೆದು ತಿಳಿದುಕೊಳ್ಳಬೇಕು. ಸಲ್ಲದಿದ್ದರೆ ಭಾರತದಲ್ಲೇ ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ಜರ್ಮನಿಯತ್ತ ನೋಡುವುದು ಕಡಿಮೆ ಖರ್ಚಿನ ದಾರಿ. ಅದರೊಡನೆ ನೆಟ್ ಶಿಷ್ಯವೇತನ ದಕ್ಕಿದರೆ ಸಾಲದ ಮಾತೇ ಇಲ್ಲ. ಸಲ್ಲುವುದಾದರೆ ಸಿ1 ಪರೀಕ್ಷೆ, ಎಪಿಎಸ್, ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶದ ಅರ್ಜಿ ಈ ನಾಲ್ಕನ್ನೂ ಹೊರಡುವ ತಿಂಗಳಿನಿಂದ ಹಿಂದಕ್ಕೆ ಎಣಿಸಿ ಕನಿಷ್ಠ ಎರಡು ವರ್ಷ ಮೊದಲು ಯೋಜಿಸಬೇಕು. ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಬೀಳಬೇಕಾದುದು ಪ್ರವೇಶಪತ್ರ ಕೈಸೇರಿದ ನಂತರವೇ.