ಬಿಟ್ಟ ಸ್ಥಳ ತುಂಬುವ ವಿದ್ಯೆ

ನಮ್ಮ ಕಚೇರಿಗಳಲ್ಲಿ ‘ಸ್ಯಾಂಕ್ಷನ್’ ಎಂಬ ಮಾತಿಗಿರುವಷ್ಟು ಮರ್ಯಾದೆ ಬೇರಾವ ಮಾತಿಗೂ ಇಲ್ಲ. ರಜೆ ಸ್ಯಾಂಕ್ಷನ್ ಆಯಿತೆಂದರೆ ಮಂಜೂರಾಯಿತೆಂದು ಅರ್ಥ. ಅಂದಿನ ಚಹಾ ಆ ಭಾಗ್ಯವಂತನ ಲೆಕ್ಕಕ್ಕೆ. ಅದೇ ಮಾತು ವೃತ್ತಪತ್ರಿಕೆಯ ವಿದೇಶವಾರ್ತೆಯ ಪುಟದಲ್ಲಿ ಬಂದರೆ, ಒಂದು ದೇಶ ಮತ್ತೊಂದರ ಮೇಲೆ ಹೇರಿದ ನಿರ್ಬಂಧ. ಕೊಡುವುದಕ್ಕೂ ತಡೆಯುವುದಕ್ಕೂ ಒಂದೇ ಪದ! ಎಲ್ಲಿ ಯಾವ ಅರ್ಥವೆಂಬುದನ್ನು ಪದ ಹೇಳುವುದಿಲ್ಲ, ಅದರ ನೆರೆಹೊರೆ ಹೇಳುತ್ತದೆ.

ಈ ನೆರೆಹೊರೆಯನ್ನು ಅರಿಯುವ ಶಕ್ತಿಯ ಮೇಲೆ ಇಂದು ನಮ್ಮ ಮಕ್ಕಳ ನೌಕರಿ, ಕಾಲೇಜು ಎರಡೂ ಬಹುಮಟ್ಟಿಗೆ ನಿಂತಿವೆ. ಬ್ಯಾಂಕಿನ ಪರೀಕ್ಷೆ, ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆ, ಅಮೆರಿಕದ ಕಾಲೇಜು ಬಯಸುವವರು ಬರೆಯುವ ಎಸ್.ಎ.ಟಿ. ಎಲ್ಲದರಲ್ಲಿಯೂ ವಾಕ್ಯವೃಂದ ಕೊಟ್ಟು, ತಕ್ಕ ಪದವನ್ನು ಆರಿಸಿರೆನ್ನುತ್ತಾರೆ. ‘ಕ್ಲೋಜ್’ ಎಂಬ ಈ ಬಿಟ್ಟ ಸ್ಥಳದ ಪದ್ಧತಿಗೆ ಆ ಹೆಸರಿಟ್ಟು 1953ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ವಿಲ್ಸನ್ ಟೇಲರ್ ಎಂಬುವರು. ಅವರ ಉದ್ದೇಶ ಬರಹವೊಂದು ಓದುಗನಿಗೆ ಎಷ್ಟು ಸುಲಭವೆಂದು ಅಳೆಯುವುದು. ಅಂದು ಪರೀಕ್ಷೆ ಬರಹಕ್ಕೆ. ಇಂದು ಓದುವ ಹುಡುಗನಿಗೆ!

ಎಸ್.ಎ.ಟಿ.ಯವರು ವಿರುದ್ಧಪದದ ಪ್ರಶ್ನೆಗಳನ್ನು 1994ರಲ್ಲಿಯೂ, ಪದಗಳ ಜೋಡಿಸಂಬಂಧದ ಪ್ರಶ್ನೆಗಳನ್ನು 2005ರಲ್ಲಿಯೂ ಕೈಬಿಟ್ಟರು. 2024ರಿಂದ ಅಮೆರಿಕದಲ್ಲಿಯೂ, ಅದಕ್ಕೆ ಒಂದು ವರ್ಷ ಮೊದಲೇ ಇತರ ದೇಶಗಳಲ್ಲಿಯೂ ಆ ಪರೀಕ್ಷೆ ಗಣಕಯಂತ್ರದ ಮೇಲೆ ನಡೆಯುತ್ತಿದೆ. ಓದಿನ ತುಣುಕುಗಳು 25ರಿಂದ 150 ಪದಗಳವು, ಒಂದೊಂದಕ್ಕೆ ಒಂದೇ ಪ್ರಶ್ನೆ. ನಿಘಂಟನ್ನು ಉರುಹೊಡೆದವನಿಗೆ ಇದರಿಂದ ನಷ್ಟವಾಯಿತು; ನಿಧಾನವಾಗಿ ಓದುವವನಿಗೆ ಲಾಭವೇ ಆಯಿತೆಂದು ನಮ್ಮ ಎಣಿಕೆ.

ಪ್ರಶ್ನೆಯ ಬಲೆ ಎಲ್ಲಿದೆಯೆಂದು ನೋಡೋಣ. ‘ವೈದ್ಯರು ರಕ್ತಸ್ರಾವವನ್ನು ಅರೆಸ್ಟ್ ಮಾಡಿದರು’ ಎಂಬರ್ಥದ ಇಂಗ್ಲಿಷ್ ವಾಕ್ಯವಿದೆಯೆನ್ನಿ. ಉತ್ತರಗಳು: ಬಂಧಿಸು, ನಿಲ್ಲಿಸು, ಆಕರ್ಷಿಸು, ವಶಪಡಿಸು. ಪೊಲೀಸರ ನೆನಪಾದವನು ಮೊದಲನೆಯದಕ್ಕೆ ಕೈಹಾಕುತ್ತಾನೆ. ಪರಿಚಿತ ಅರ್ಥವನ್ನು ಮುಂದಿಟ್ಟು ಸರಿಯಾದುದನ್ನು ಅದರ ಹಿಂದೆ ಬಚ್ಚಿಡುವುದೇ ಪ್ರಶ್ನೆ ಬರೆಯುವವರ ಜಾಣತನ. ಇನ್ನೊಂದು ಬಗೆ: ‘ಹಾವೆಂದರೆ ಜನ ಹೆದರುತ್ತಾರೆ, ಆದರೆ ಭಾರತದ ಹಾವುಗಳಲ್ಲಿ ಹೆಚ್ಚಿನವು ____.’ ಇಲ್ಲಿ ಇಡೀ ಗುಟ್ಟು ‘ಆದರೆ’ಯಲ್ಲಿದೆ. ಮಾತು ಹೊರಳಿತು, ಆದ್ದರಿಂದ ‘ನಿರಪಾಯ’ ಎಂಬಂತಹ ಪದವೇ ಬರಬೇಕು. ‘ಸುಂದರ’ ಎಂದರೂ ವ್ಯಾಕರಣ ಕೆಡದು. ಆದರೆ ಹೆದರಿಕೆಗೆ ಅದು ಉತ್ತರವಾಗದು.

ಆದುದರಿಂದ ಮಕ್ಕಳಿಗೆ ಹೇಳಬೇಕಾದುದು ಇಷ್ಟು: ಮೊದಲು ನಾಲ್ಕು ಉತ್ತರಗಳನ್ನೂ ಕೈಯಿಂದ ಮುಚ್ಚಲಿ. ವಾಕ್ಯವನ್ನು ಓದಿ ತಮ್ಮದೇ ಒಂದು ಪದವನ್ನು, ಕನ್ನಡದ್ದೇ ಆಗಲಿ, ಆ ಸ್ಥಳದಲ್ಲಿ ಕೂರಿಸಲಿ. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದುದನ್ನು ಹುಡುಕಲಿ. ಎರಡು ಪದ ಹತ್ತಿರವೆನಿಸಿದರೆ ತೂಕ ನೋಡಬೇಕು. ಬೇಸರ, ದುಃಖ, ಶೋಕ ಮೂರೂ ಒಂದೇ ತೂಕದವಲ್ಲ. ಅದೂ ಸಾಲದಾದರೆ ಲೆಕ್ಕವಿದೆ. ಕಮಿಷನ್ನಿನ 2024ರ ಪದವೀಧರ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಸರಿಗೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಎರಡು ಉತ್ತರಗಳನ್ನು ಸಕಾರಣವಾಗಿ ತಳ್ಳಿಹಾಕಬಲ್ಲವನು ಇಂತಹ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಎರಡನ್ನು ಗೆದ್ದರೆ 4 ಗಳಿಸಿ 1 ಕಳೆದುಕೊಳ್ಳುತ್ತಾನೆ. ಖಾಲಿ ಬಿಡುವುದು ವಿನಯವಲ್ಲ, ನಷ್ಟ. ಎಸ್.ಎ.ಟಿ.ಯಲ್ಲಂತೂ 2016ರಿಂದ ತಪ್ಪಿಗೆ ಕಡಿತವೇ ಇಲ್ಲ.

ಇನ್ನು ನಮ್ಮ ಮನೆಗಳ ಮಾತು. ಪರೀಕ್ಷೆಯ ವರ್ಷ ಬಂತೆಂದರೆ ಕನ್ನಡ ಪುಸ್ತಕಗಳನ್ನು ಕಪಾಟಿನ ಮೇಲಕ್ಕೆ ಏರಿಸುವ ತಂದೆತಾಯಂದಿರು ಈ ದೆಹಲಿಯಲ್ಲಿ ಕಡಿಮೆಯಿಲ್ಲ. ಇಂಗ್ಲಿಷ್ ಕೆಡುತ್ತದೆಂದು ಅವರ ಭಯ. ನಮಗೆ ಇದು ಒಪ್ಪಿಗೆಯಿಲ್ಲ. ಇಲ್ಲಿ ಬೆಳೆಯುವ ಮಗು ಶಾಲೆಯ ಹಿಂದಿಯಲ್ಲಿ ‘ಅವಸರ’ವೆಂದರೆ ಸದವಕಾಶವೆಂದು ಕಲಿಯುತ್ತದೆ, ಮನೆಗೆ ಬಂದರೆ ಅಜ್ಜಿ, “ಅವಸರ ಮಾಡಬೇಡವೋ, ಬಿದ್ದೀಯೆ” ಎನ್ನುತ್ತಾಳೆ. ಅಲ್ಲಿ ‘ಶಿಕ್ಷಾ’ ವಿದ್ಯೆ, ಇಲ್ಲಿ ‘ಶಿಕ್ಷೆ’ ದಂಡನೆ. (ಕೆಲವು ಮೇಷ್ಟರ ಕೈಯಲ್ಲಿ ಎರಡೂ ಒಂದೇ ಎಂಬುದು ಬೇರೆ ಮಾತು.) ಅಲ್ಲಿಯ ‘ಉಪನ್ಯಾಸ’ ಕಾದಂಬರಿ, ಇಲ್ಲಿ ಭಾಷಣ. ಸುತ್ತಲಿನ ಮಾತನ್ನು ನೋಡಿ ಅರ್ಥ ಹಿಡಿಯುವ ಅಭ್ಯಾಸ ಈ ಮಗುವಿಗೆ ದಿನವೂ ಆಗುತ್ತಿದೆ. ಪುಸ್ತಕವನ್ನು ಕಪಾಟಿಗೇರಿಸಿದರೆ ಆ ಅಭ್ಯಾಸದಲ್ಲಿ ಅರ್ಧ ನಿಂತಂತೆಯೇ.

ಅಮೆರಿಕದ ನ್ಯಾಗಿ, ಹರ್ಮನ್, ಆಂಡರ್ಸನ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಓದುವಾಗ ಒಮ್ಮೆ ಎದುರಾದ ಹೊಸ ಪದ ಮನಸ್ಸಿನಲ್ಲಿ ನಿಲ್ಲುವ ಸಂಭವ ಸ್ವಲ್ಪವೇ. ಆದರೆ ಹೆಚ್ಚು ಓದಿದಷ್ಟೂ ಆ ಸ್ವಲ್ಪವೇ ಕೂಡಿ ದೊಡ್ಡದಾಗುತ್ತದೆ. ಕೋಚಿಂಗ್ ತರಗತಿಯವರು ಮಾರುವ ಪದಪಟ್ಟಿಗಳಲ್ಲಿ ಈ ಕೂಡುವಿಕೆ ಇಲ್ಲ, ಏಕೆಂದರೆ ಅಲ್ಲಿ ಪದಕ್ಕೆ ನೆರೆಹೊರೆಯೇ ಇಲ್ಲ.

ಭಾನುವಾರದ ಬೆಳಿಗ್ಗೆ ಪತ್ರಿಕೆ ಓದುವಾಗ ಒಂದೊಂದು ಪದದ ಮೇಲೆ ಬೆರಳಿಟ್ಟು, “ಇಲ್ಲಿ ಏನಿದ್ದೀತು?” ಎಂದು ಮಕ್ಕಳನ್ನು ಕೇಳಿ ನೋಡಿ. ಒಂದು ಸಲ ಕನ್ನಡದ ಪತ್ರಿಕೆ, ಒಂದು ಸಲ ಇಂಗ್ಲಿಷಿನದು. ಹತ್ತು ನಿಮಿಷ ಸಾಕು. ಶುಲ್ಕವೂ ಇಲ್ಲ, ಯಾರ ಸ್ಯಾಂಕ್ಷನ್ನೂ ಬೇಕಿಲ್ಲ.