ಮಾಯಾಮಂತ್ರದ ನಿಯಮವೂ ಅರ್ಥನಿರ್ಣಯವೂ

ನಿಯಮವನ್ನು ಬರೆಯುವುದಕ್ಕಿಂತ ಬರೆದ ನಿಯಮಕ್ಕೆ ಅರ್ಥ ಹೇಳುವುದು ಕಠಿಣವಾದ ಕಾರ್ಯ. ಈ ಮಾತು ನ್ಯಾಯಾಲಯಕ್ಕೆ ಸಲ್ಲುವಂತೆಯೇ ಆಟದ ಮೇಜಿಗೂ ಸಲ್ಲುತ್ತದೆ ಎಂಬುದಕ್ಕೆ ಅಮೆರಿಕೆಯಲ್ಲಿ ಜನಿಸಿದ ಆಟವೊಂದು ನಿದರ್ಶನವಾಗಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ಇದರಲ್ಲಿ ಆಟಗಾರರು ಯೋಧ, ಮಾಂತ್ರಿಕ ಮೊದಲಾದ ಪಾತ್ರಗಳನ್ನು ವಹಿಸಿ ತಮ್ಮ ಕಾರ್ಯವನ್ನು ಮಾತಿನಲ್ಲಿಯೇ ನಿರೂಪಿಸುತ್ತಾರೆ. ಫಲವು ಸಂದೇಹಾಸ್ಪದವಾದಾಗ ದಾಳವು ಅದನ್ನು ನಿರ್ಣಯಿಸುತ್ತದೆ. ಕಥೆಯನ್ನು ನಡೆಸುವ ಹಾಗೂ ತೀರ್ಪು ನೀಡುವ ಹೊಣೆಯು ‘ಡಂಜನ್ ಮಾಸ್ಟರ್’ ಎನಿಸಿಕೊಂಡವರದು. ಇಲ್ಲಿ ಮಂತ್ರವೆಂದರೆ ಜಪದ ಮಂತ್ರವಲ್ಲ. ಇಂತಿಷ್ಟು ದೂರ, ಇಂತಿಷ್ಟು ಪರಿಣಾಮ ಎಂದು ಗ್ರಂಥದಲ್ಲಿ ವಿಧಿಸಲಾದ ಕಾಲ್ಪನಿಕ ಮಾಯಾಶಕ್ತಿ.

‘ಫೈರ್‌ಬಾಲ್’ ಅಂದರೆ ಅಗ್ನಿಗೋಲದ ಮಂತ್ರವನ್ನೇ ನೋಡಬಹುದು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಪ್ರಕಾರ ಅದರ ಜ್ವಾಲೆಯು ಸುಮಾರು 33,000 ಘನ ಅಡಿಗಳನ್ನು ವ್ಯಾಪಿಸುತ್ತದೆ, ಸ್ಥಳದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಸುರಂಗದಲ್ಲಿ ಲೆಕ್ಕ ಹಾಕಿದರೆ ಬೆಂಕಿ 330 ಅಡಿ ಉದ್ದಕ್ಕೆ ಹರಿಯುತ್ತದೆ. ನೂರು ಅಡಿ ದೂರದಲ್ಲಿ ನಿಂತು ಪ್ರಯೋಗಿಸಿದ ಮಾಂತ್ರಿಕನೇ ಅದಕ್ಕೆ ಆಹುತಿಯಾಗುತ್ತಾನೆ. 2014ರ ಆವೃತ್ತಿಯಾದರೋ 20 ಅಡಿ ತ್ರಿಜ್ಯದ ಗೋಲವೆಂದಷ್ಟೇ ವಿಧಿಸಿತು. ಅದೇ ಸುರಂಗದಲ್ಲಿ ಬೆಂಕಿ ಈಗ ಸುಮಾರು 40 ಅಡಿಗೆ ನಿಲ್ಲುತ್ತದೆ. ಮಂತ್ರದ ಹೆಸರೊಂದೇ, ಫಲ ಬೇರೆ.

ಹೊಸ ನಿಯಮದಲ್ಲಿಯೂ ವಾದಕ್ಕೆ ಎಡೆಯಿದೆ. ಧರಿಸಿರದ, ಕೈಯಲ್ಲಿ ಹಿಡಿದಿರದ ದಹ್ಯವಸ್ತುಗಳು ಮಾತ್ರ ಹೊತ್ತಿಕೊಳ್ಳುತ್ತವೆಂದು ಅದು ಹೇಳುತ್ತದೆ. ಹಾಗಾದರೆ ಮನುಷ್ಯನೇ ಬೆಂದುಹೋದರೂ ಅವನ ಕೈಯ ಕಾಗದ ಉಳಿಯಬೇಕೆ? ಅಕ್ಷರವನ್ನು ನಂಬುವವನು ಉಳಿಯಬೇಕೆನ್ನುತ್ತಾನೆ. ಲೋಕಾನುಭವವನ್ನು ನಂಬುವವನು ಒಪ್ಪುವುದಿಲ್ಲ. 2015ರಲ್ಲಿ ಈ ಆಟದ ನಿಯಮಕರ್ತರಲ್ಲೊಬ್ಬರಾದ ಜೆರೆಮಿ ಕ್ರಾಫರ್ಡ್ ‘ಸೇಜ್ ಅಡ್ವೈಸ್’ ಅಂಕಣದಲ್ಲಿ ಮೂರು ದೃಷ್ಟಿಗಳನ್ನು ವಿವರಿಸಿದರು: ಬರೆದಿರುವಂತೆ ಅರ್ಥೈಸುವುದು, ಬರೆದವರ ಆಶಯದಂತೆ ಅರ್ಥೈಸುವುದು, ಆಟದ ಸಂತೋಷಕ್ಕೆ ತಕ್ಕಂತೆ ಅರ್ಥೈಸುವುದು.

ಈ ಮೂರರಲ್ಲಿ ಯಾವುದೊಂದೂ ತಾನೇ ಸಾಲದು. ಅಕ್ಷರವನ್ನೇ ಹಿಡಿದರೆ ನಿಯಮವು ಹಾಸ್ಯಾಸ್ಪದವಾಗಬಹುದು. ಅಕ್ಷರವನ್ನು ಬಿಟ್ಟರೆ ತೀರ್ಪುಗಾರನ ಇಚ್ಛೆಯೇ ನಿಯಮವಾದೀತು. ವರ್ಷಗಟ್ಟಲೆ ಪೋಷಿಸಿದ ಪಾತ್ರವು ಒಂದು ಪದದ ಅರ್ಥದಿಂದ ಅಳಿಯುವ ಸಂದರ್ಭದಲ್ಲಿ ಆಟಗಾರನಿಗೆ ಬೇಕಾಗುವುದು ದಾಕ್ಷಿಣ್ಯವಲ್ಲ, ನ್ಯಾಯ. ಆದುದರಿಂದ ಅನುಭವಿಗಳು ಆಟ ನಿಲ್ಲದಂತೆ ತತ್ಕಾಲಕ್ಕೆ ತೀರ್ಪಿತ್ತು, ಚರ್ಚೆಯನ್ನು ಆಟದ ಅನಂತರಕ್ಕೆ ಇಟ್ಟುಕೊಳ್ಳುತ್ತಾರೆ. ಇಂದು ನಾಯಕನಿಗೆ ಅನುಕೂಲವಾದ ಅರ್ಥವೇ ನಾಳೆ ಶತ್ರುಪಕ್ಷದ ಮಾಂತ್ರಿಕನಿಗೂ ಅನ್ವಯಿಸಬೇಕು. ಅರ್ಥವು ಸರಿಯೇ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇರೊಂದಿಲ್ಲ.

ಪಾಠದ ವಾಕ್ಯವನ್ನು ಎಚ್ಚರದಿಂದ ಓದಬೇಕು, ಎದುರಾಳಿಯ ವಾದಕ್ಕೂ ಕಿವಿಗೊಡಬೇಕು, ತನಗೆ ಪ್ರತಿಕೂಲವಾದ ತೀರ್ಪನ್ನೂ ಒಪ್ಪಬೇಕು. ಶಾಲೆಯು ಮಕ್ಕಳಲ್ಲಿ ಬೆಳೆಸಬಯಸುವ ಗುಣಗಳೂ ಇವೇ ಅಲ್ಲವೆ? ಬೆಂಕಿ ಕಾಲ್ಪನಿಕವಾದರೂ ಅದರ ಸುತ್ತ ನಡೆಯುವ ನ್ಯಾಯವಿಚಾರವು ಕಾಲ್ಪನಿಕವಲ್ಲ.