ವಿಡಿಆರ್‌ಎಲ್ ‘ರಿಯಾಕ್ಟಿವ್’ ಎಂದರೆ ಸಿಫಿಲಿಸ್ ಇದೆ ಎಂದೇ ಅರ್ಥವೇ?

ಗರ್ಭಿಣಿಯರಿಗೆ ಮೊದಲ ತಪಾಸಣೆಯಲ್ಲಿ ಬರೆದುಕೊಡುವ ರಕ್ತ ಪರೀಕ್ಷೆಗಳಲ್ಲಿ ವಿಡಿಆರ್‌ಎಲ್ ಕೂಡ ಒಂದು. ವರದಿಯಲ್ಲಿ ‘ರಿಯಾಕ್ಟಿವ್, 1:2’ ಎಂದು ಬಂದರೆ ಮನೆಯಲ್ಲಿ ಮೊದಲು ಏಳುವುದು ಅನುಮಾನ. ಜಗಳಕ್ಕೆ ಮುಂಚೆ ಈ ಪರೀಕ್ಷೆ ಏನನ್ನು ಹುಡುಕುತ್ತದೆ ಎಂದು ನೋಡೋಣ.

ವಿಡಿಆರ್‌ಎಲ್ ಸಿಫಿಲಿಸ್ ಬ್ಯಾಕ್ಟೀರಿಯಾವನ್ನು ನೇರವಾಗಿ ಹುಡುಕುವುದೇ ಇಲ್ಲ. ಜೀವಕೋಶಗಳಿಗೆ ಹಾನಿಯಾದಾಗ ಹೊರಬೀಳುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಲೂಪಸ್, ಮಲೇರಿಯಾ, ಕುಷ್ಠರೋಗ ಇದ್ದಾಗ, ಕೆಲವೊಮ್ಮೆ ಬರೀ ಗರ್ಭಿಣಿಯಾಗಿದ್ದಾಗಲೂ ಇವು ಕಾಣಿಸಿಕೊಳ್ಳಬಹುದು. 1:2 ಎಂದರೆ ಸೀರಮ್ಮನ್ನು ಎರಡು ಪಟ್ಟು ತೆಳು ಮಾಡುವವರೆಗೆ ಮಾತ್ರ ಪ್ರತಿಕ್ರಿಯೆ ಸಿಕ್ಕಿದೆ ಎಂದರ್ಥ. ಸುಳ್ಳು ಪಾಸಿಟಿವ್‌ಗಳು ಹೆಚ್ಚಾಗಿ 1:8ಕ್ಕಿಂತ ಕೆಳಗೇ ಇರುತ್ತವೆ. ಆದರೆ ತೀರಾ ಹೊಸ ಅಥವಾ ತುಂಬಾ ಹಳೆಯ ಸಿಫಿಲಿಸ್‌ನಲ್ಲೂ ಸಂಖ್ಯೆ ಇಷ್ಟೇ ಇರಬಹುದು! ಹಾಗಾಗಿ ಸಂಖ್ಯೆಯೊಂದನ್ನೇ ನೋಡಿ ನಿರಾಳವಾಗುವಂತೆಯೂ ಇಲ್ಲ.

ಮುಂದಿನ ಹೆಜ್ಜೆ ಟಿಪಿಹೆಚ್‌ಎ. ಇದು ಆ ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯಗಳನ್ನೇ ಗುರುತಿಸುತ್ತದೆ. ಇದು ನೆಗೆಟಿವ್ ಬಂದರೆ ವಿಡಿಆರ್‌ಎಲ್ ಫಲಿತಾಂಶ ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆಯೇ ಹೆಚ್ಚು. ಇತ್ತೀಚೆಗೆ ಸೋಂಕು ತಗುಲಿರುವ ಸಂಶಯವಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪಾಸಿಟಿವ್ ಬಂದರೆ ಸೋಂಕು ಈಗ ಇದೆ, ಇಲ್ಲವೇ ಹಿಂದೆಂದೋ ಇತ್ತು. ಗುಣವಾದ ಮೇಲೂ ಟಿಪಿಹೆಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಯಾರಿಂದ ಬಂತು, ಯಾವಾಗ ಬಂತು ಎಂಬುದನ್ನು ಯಾವ ವರದಿಯೂ ಹೇಳುವುದಿಲ್ಲ. ಹಿಂದೆ ಚಿಕಿತ್ಸೆ ಆಗಿದ್ದರೆ ಆ ಹಳೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ವೈದ್ಯರು ಹೆಚ್ಚು ಕಾಯುವುದಿಲ್ಲ. ಚಿಕಿತ್ಸೆ ಸಿಗದ ಸಿಫಿಲಿಸ್‌ನಿಂದ ಮಗು ಹೊಟ್ಟೆಯಲ್ಲೇ ಸಾಯಬಹುದು. ಪೆನಿಸಿಲಿನ್ ಇಂಜೆಕ್ಷನ್ ಅದನ್ನು ತಡೆಯಬಲ್ಲದು. ಗಂಡನಿಗೂ ಪರೀಕ್ಷೆ ಮಾಡಿಸಬೇಕು.